ಹೊರಸಿನ ಮೇಲಿನ ಅಧ್ಯಕ್ಷರು

ನನ್ನ ಮನೆಯವರು ನಿಜವಾಗಿ ರೋಗಿಯೋ ಅಲ್ಲವೋ ಎಂದು ನೋಡಲು ಸರಕಾರದ ಕಾರಕೂನರು ಬಂದ ದಿನ, ನನ್ನ ಮನೆಯವರು ಮದುವೆಯ ದಿನಕ್ಕಿಂತಲೂ ಚೆಂದ ಕಾಣುತ್ತಿದ್ದರು. ನೆನೆದರೆ ಈಗಲೂ ನಗು ಬರುತ್ತದೆ, ನಗುವಿನ ಬೆನ್ನಿಗೇ ಭಯವೂ ಬರುತ್ತದೆ. ಅದಕ್ಕೇ ನಿಧಾನವಾಗಿ ಬರೆಯುತ್ತೇನೆ. ನಾನು ಕಣ್ಣಾರೆ ಕಂಡದ್ದು ಯಾವುದು, ಆಮೇಲೆ ಕೇಳಿ ತಿಳಿದದ್ದು ಯಾವುದು ಎಂಬುದನ್ನು ಬೇರೆ ಬೇರೆಯಾಗಿಯೇ ಹೇಳುತ್ತೇನೆ.

ಆಗ ನಾವು ಮುಂಬೈ ರಾಜ್ಯದಲ್ಲಿದ್ದೆವು. ಸಂಸ್ಥಾನಗಳು ಹೋಗಿ ಮಾಮಲೇದಾರರು ಬಂದಿದ್ದರು. ಬನಹಟ್ಟಿಯ ನೇಕಾರ ಓಣಿಯಲ್ಲಿ ನಮ್ಮದು ಒಂದೇ ಅಂಕಣದ ಮನೆ. ಅರ್ಧ ಜಾಗವನ್ನು ಕುಣಿಮಗ್ಗವೇ ಹಿಡಿದಿತ್ತು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತು ಅವರು ಸೀರೆ ನೇಯುತ್ತಿದ್ದರು, ನಾನು ಪಕ್ಕದಲ್ಲಿ ಕಂಡಿಕೆಗೆ ನೂಲು ಸುತ್ತುತ್ತಿದ್ದೆ. ಮಳೆಗಾಲದಲ್ಲಿ ಹಿಡಿದ ಕೆಮ್ಮು ಚಳಿಗಾಲಕ್ಕೂ ಬಿಡಲಿಲ್ಲ. ಜಮಖಂಡಿಯ ಡಾಕ್ಟರು ಎದೆಗೆ ಕಿವಿಗೊಟ್ಟು ಕೇಳಿ, ಕ್ಷಯ ಎಂದರು. ಮಿರಜಿನ ಕಡೆ ಒಂದು ಆಸ್ಪತ್ರೆಯಲ್ಲಿ ಹೊಸ ಇಂಜೆಕ್ಷನ್ ಬಂದಿದೆ, ಆದರೆ ತಿಂಗಳುಗಟ್ಟಲೆ ಅಲ್ಲೇ ಇರಬೇಕು ಎಂದರು. ಅಷ್ಟು ಖರ್ಚು ನಮ್ಮಿಂದಾಗುವ ಮಾತಾಗಿರಲಿಲ್ಲ. ದುಡಿಯಲಾಗದ ಬಡವರಿಗೆಂದು ಅಲ್ಲಿ ಕೆಲವು ಪುಕ್ಕಟೆ ಹಾಸಿಗೆಗಳಿದ್ದವು. ಅದಕ್ಕೆ ತಾಲೂಕಿನ ಶಿಫಾರಸು ಬೇಕು. ಶಿಫಾರಸಿಗೆ ಮುಂಚೆ ಕಾರಕೂನರೊಬ್ಬರು ಮನೆಗೆ ಬಂದು, ಈ ಮನುಷ್ಯನಿಂದ ದುಡಿಯುವುದು ಆಗುವುದಿಲ್ಲ ಎಂದು ಕಣ್ಣಿಂದ ಕಂಡು ಬರೆಯಬೇಕು. ಅವರು ಹಾಗೆ ಬರೆದರೆ ಹಾಸಿಗೆ. ಬರೆಯದಿದ್ದರೆ ನಾವು ಅದೇ ಮನೆಯಲ್ಲಿ, ಅದೇ ಕೆಮ್ಮನ್ನು ಕೇಳುತ್ತ ಕೂರುವುದು.

ಕಾರಕೂನರು ಬರುತ್ತಾರೆಂದು ಗೊತ್ತಾದದ್ದೇ ತಡ, ನನ್ನ ಅತ್ತೆ ಬೆಳಗ್ಗೆಯೇ ಹಂಡೆಗೆ ಬೆಂಕಿ ಹಾಕಿದರು. ಸರಕಾರದವರು ಮನೆಗೆ ಬರುವಾಗ ಮಗ ಗಡ್ಡ ಬಿಟ್ಟುಕೊಂಡು ಮಲಗಿರುವುದು ಅವರಿಗೆ ಮರ್ಯಾದೆಯ ಪ್ರಶ್ನೆ. ಕ್ಷೌರದವನನ್ನು ಕರೆಸಿ ಗಡ್ಡ ತೆಗೆಸಿದರು. ಬಿಸಿನೀರು ಹಾಕಿದರು. ಪೆಟ್ಟಿಗೆಯಲ್ಲಿದ್ದ ಜರಿಯಂಚಿನ ಧೋತರ ಉಡಿಸಿದರು. ಕೊನೆಗೆ ಮಾವನವರ ಗುಲಾಬಿ ರುಮಾಲು ತಂದು ತಲೆಗೆ ಸುತ್ತಿದರು.

"ಯವ್ವಾ, ನಾ ಜಡ್ಡಾಗೇನಿ ಅಂತ ತೋರ್ಸಬೇಕಾಗೇತಿ. ಬೀಗರ ಮನಿಗೆ ಹೊಂಟಿಲ್ಲ," ಎಂದರು ಅವರು.

"ಜಡ್ಡಾಗಿದ್ರ ಏನಾತು? ತಲಿ ಬೋಳಾಗಿ ಕುಂಡ್ರಬೇಕಂತೇನು? ಸುಮ್ನ ಕುಂಡ್ರಲೇ ತಮ್ಮಾ."

ಜ್ವರದಿಂದ ಅವರ ಕೆನ್ನೆ ಕೆಂಪಗಿತ್ತು. ಅದು ಜ್ವರದ ಕೆಂಪೆಂದು ನನಗೆ ಗೊತ್ತು. ನೋಡಿದವರಿಗೆ ಹಾಲು ತುಪ್ಪ ಉಂಡ ಕೆಂಪಿನಂತೆ ಕಾಣುತ್ತಿತ್ತು. ಎರಡು ದಿಂಬಿಗೆ ಒರಗಿ ಹಗ್ಗದ ಹೊರಸಿನ ಮೇಲೆ ಕುಳಿತ ಅವರು ಯಾವುದೋ ಸಭೆಗೆ ಬಂದ ಹಿರಿಯರಂತಿದ್ದರು.

ಮಗ್ಗದ ಕಥೆಯೇ ಬೇರೆ. ನಮ್ಮ ಓಣಿಯಲ್ಲಿ ಒಂದು ರೂಢಿ: ಮಗ್ಗಕ್ಕೆ ಹಾಸು, ಎಂದರೆ ಉದ್ದದ ನೂಲು, ಹೂಡಿದ ಮೇಲೆ ಯಜಮಾನ ಜಡ್ಡಿಗೆ ಬಿದ್ದರೆ, ಆ ಹಾಸು ಮುಗಿಯುವ ತನಕ ಓಣಿಯವರು ಸರತಿಯ ಮೇಲೆ ಬಂದು ನೇಯುತ್ತಾರೆ. ರೋಗಿಯಿರುವ ಮನೆಯಲ್ಲಿ ಮಗ್ಗವೂ ಸುಮ್ಮನಾಗಬಾರದು ಎನ್ನುವುದು ಅವರ ನಂಬಿಕೆ. ಆ ದಿನದ ಸರತಿ ಎದುರುಮನೆಯಲ್ಲಿದ್ದ ನನ್ನವರ ಗೆಳೆಯನದು. ಗರಡಿಯಲ್ಲಿ ಬೆಳೆದ ಮೈ, ಕುಣಿಯೊಳಗೆ ಇಳಿದರೆ ಕುಣಿಯೇ ಕಾಣುತ್ತಿರಲಿಲ್ಲ. ಅಂದಾದರೂ ಮಗ್ಗ ನಿಲ್ಲಿಸಿ ಎಂದು ಹೇಳುವುದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಬೆಳಕು ಹರಿದಂತೆ ಮಗ್ಗದ ಸದ್ದು ಕೇಳಿಸುತ್ತದೆ. ಅದು ನಮ್ಮ ಕಿವಿಗೆ ಸದ್ದೇ ಅಲ್ಲ.

ಅತ್ತೆ ಚಹಾಕ್ಕೆ ಹಾಲು ತರಲು ಹೋದ ಹೊತ್ತಿಗೆ ಸರಿಯಾಗಿ ಕಾರಕೂನರು ಬಂದರು. ಕರಿ ಟೋಪಿ, ಕೋಟು, ಬಗಲಲ್ಲಿ ಕೊಡೆ. ನಾನು ಒಳಬಾಗಿಲ ಹಿಂದೆ ಸೆರಗು ಹೊದ್ದು ನಿಂತೆ. ಅವರು ಕಾಗದ ನೋಡಿ ನನ್ನ ಮನೆಯವರ ಹೆಸರು ಓದಿದರು.

"ಇವರ ಮನಿ ಇದೇ ಏನವಾ?"

ತಲೆಯಾಡಿಸಿದೆ.

"ಎಲ್ಲಿದ್ದಾರ?"

ಮನೆಯ ಸೊಸೆ ಹೊರಗಿನ ಗಂಡಸರ ಮುಂದೆ ಮಾತಾಡುವಂತಿರಲಿಲ್ಲ. ಗಂಡನ ಹೆಸರಂತೂ ಎಲ್ಲಿಯೂ ಹೇಳುವಂತಿಲ್ಲ. ನಾನು ಸೆರಗಿನೊಳಗಿಂದ ಕೈ ಚಾಚಿ ಅವರಿದ್ದ ಕಡೆ ತೋರಿಸಿದೆ. ಹೊರಸು ಗೋಡೆಗೆ ಹತ್ತಿ ಇತ್ತು. ಆದರೆ ನನ್ನ ಕೈಗೂ ಹೊರಸಿಗೂ ನಡುವೆ ಮಗ್ಗವಿತ್ತು, ಮಗ್ಗದಲ್ಲಿ ಆ ಗೆಳೆಯನಿದ್ದ.

ಕಾರಕೂನರು ಅವನನ್ನು ನೋಡಿದರು. ಆ ಭುಜ ನೋಡಿದರು, ಆ ಕುತ್ತಿಗೆ ನೋಡಿದರು. ಮತ್ತೊಮ್ಮೆ ಕಾಗದ ನೋಡಿದರು.

"ಇಂವಾ ಕ್ಷಯರೋಗಿ? ಕೋಣ ಇದ್ಹಂಗ ಇದ್ದಾನ!"

ಗೆಳೆಯನ ಕೈಯಲ್ಲಿ ಲಾಳಿ ಹಾಗೇ ನಿಂತಿತು. "ನಾ ಏನ್ ಮಾಡೇನ್ರಿ ಸಾಹೇಬ್ರ?"

"ಏನ್ ಮಾಡೀಯೋ? ಸರಕಾರಕ್ಕ ಟೋಪಿ ಹಾಕಲಿಕ್ಕೆ ಹೊಂಟೀದಿ!" ಎಂದು ಕೊಡೆ ಕುಟ್ಟಿದವರು, ಆಗ ಹೊರಸಿನ ಕಡೆ ತಿರುಗಿ ಥಟ್ಟನೆ ಮೆತ್ತಗಾದರು. ಗುಲಾಬಿ ರುಮಾಲಿಗೆ ಕೈ ಮುಗಿದರು. "ನೇಕಾರರ ಸೊಸೈಟಿ ಅಧ್ಯಕ್ಷರು ಸಾಕ್ಷಿಗೆ ತಾವೇ ಬಂದೀರೇನು? ಛಲೋ ಆತು ನೋಡ್ರಿ. ನೀವೇ ಹೇಳ್ರಿ, ಇವಗ ಯಾತರ ಜಡ್ಡು?"

ಆಗಲೇ ನನ್ನವರು ಸತ್ಯ ಹೇಳಬೇಕಿತ್ತು. ಹೇಳಲೆಂದೇ ಬಾಯಿ ತೆರೆದಿದ್ದರಂತೆ. ಇದು ಅವರು ಗುಣವಾಗಿ ಬಂದ ಮೇಲೆ ನನಗೆ ಹೇಳಿದ್ದು: ಅಷ್ಟು ದಿನ ಮನೆಗೆ ಬಂದವರೆಲ್ಲ ಅಯ್ಯೋ ಪಾಪ ಎಂದವರೇ. ಒಬ್ಬ ಮನುಷ್ಯ ಮೊದಲ ಸಲ ನಮಸ್ಕಾರ ಮಾಡಿದ್ದ. ಎರಡು ಮಾತಿನ ಮಟ್ಟಿಗಾದರೂ ಅಧ್ಯಕ್ಷನಾಗೋಣ ಅನ್ನಿಸಿತಂತೆ.

ಅವರು ರುಮಾಲು ಸರಿಮಾಡಿಕೊಂಡರು. "ಭಾಳ ದಿನದ ಜಡ್ಡು ಐತ್ರಿ ಸಾಹೇಬ್ರ ಅವಂಗ."

"ಯಾವ ಜಡ್ಡು?"

"ಹಸಿವಿ ಜಡ್ಡ್ರಿ. ನಿನ್ನಿ ಈ ಮನ್ಯಾಗ ಕುಂತು ಒಂದು ಬುಟ್ಟಿ ರೊಟ್ಟಿ ಖಾಲಿ ಮಾಡ್ಯಾನ. ಇದಕ್ಕ ಮಿರಜಿನ್ಯಾಗೂ ಔಷಧ ಇರಾಕಿಲ್ಲ."

ಗೆಳೆಯನಿಗೆ ಕಾರಕೂನರೂ ಸರಕಾರವೂ ಮರೆತುಹೋದವು. "ಲೇ, ನಿನ್ನ ಹಾಸು ನೇದು ನನ್ನ ನಡ ಬಿದ್ದು ಹೊಂಟೈತಿ, ರೊಟ್ಟಿ ಲೆಕ್ಕಾ ಇಡ್ತೀ ಏನಲೇ ಮಗನ!"

ನೇಯುವ ಹುಡುಗ ಅಧ್ಯಕ್ಷರಿಗೆ ಲೇ ಅಂದದ್ದು ಕೇಳಿ ಕಾರಕೂನರ ಬಾಯಿ ತೆರೆದೇ ಉಳಿಯಿತು. ಅವರ ಆ ಬಾಯಿ ನೋಡಿ ನನಗೆ ತಡೆಯಲಾಗಲಿಲ್ಲ. ಸೆರಗು ಬಾಯಿಗೆ ತುರುಕಿಕೊಂಡರೂ ನಗು ಹೊರಗೆ ಹಾರಿತು. ನನ್ನ ನಗು ಕೇಳಿ ನನ್ನವರು ನಕ್ಕರು, ಅವರು ನಕ್ಕದ್ದಕ್ಕೆ ಗೆಳೆಯ ನಕ್ಕ. ಅವನು ಕುಲುಕಿ ನಕ್ಕರೆ ಇಡೀ ಮಗ್ಗವೇ ಕುಲುಕುತ್ತಿತ್ತು. ಆ ಮನೆಯಲ್ಲಿ ಅಂಥ ನಗು ಕೇಳಿ ಎಷ್ಟೋ ದಿನಗಳಾಗಿದ್ದವು. ಹಾಸಿಗೆ, ಶಿಫಾರಸು, ಯಾವುದೂ ನನ್ನ ತಲೆಯಲ್ಲಿ ಉಳಿದಿರಲಿಲ್ಲ.

ಅವರ ನಗು ಕೆಮ್ಮಿಗೆ ತಿರುಗಿದ್ದು ಯಾವ ಕ್ಷಣದಲ್ಲಿ ಎಂದು ನಾನು ಹೇಳಲಾರೆ. ಮೊದಮೊದಲು ಎರಡೂ ಒಂದೇ ಥರ ಕೇಳುತ್ತಿದ್ದವು. ಆಮೇಲೆ ಅವರು ಮುಂದಕ್ಕೆ ಬಾಗಿದರು. ರುಮಾಲು ಜಾರಿ ಬಿದ್ದು ಬಿಚ್ಚಿಕೊಳ್ಳುತ್ತ ನೆಲದ ಮೇಲೆ ಮಗ್ಗದ ತನಕ ಉರುಳಿತು. ಬಿಳಿ ಧೋತರದ ಮೇಲೆ ಕೆಂಪು ಬಿತ್ತು. ಗೆಳೆಯ ಕುಣಿಯಿಂದ ಹೇಗೆ ಮೇಲೆ ಬಂದನೋ ನಾನು ಕಾಣಲಿಲ್ಲ. ನೋಡುವಷ್ಟರಲ್ಲಿ ಅವರ ಬೆನ್ನು ಹಿಡಿದು ನಿಂತಿದ್ದ.

ಮಗ್ಗ ನಿಂತಿತ್ತು. ಕಾರಕೂನರು ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದರು.

"ಅವ್ವಾ, ಇವರೇ ಏನು?" ಎಂದು ನನ್ನನ್ನು ಕೇಳಿದರು.

"ಹೌದ್ರಿ," ಎಂದೆ. "ಇವರ ನೋಡ್ರಿ ನಮ್ಮನಿಯವರು."

ಹೊರಗಿನ ಗಂಡಸರ ಮುಂದೆ ನಾನು ಆಡಿದ ಮೊದಲ ಮಾತು ಅದು. ಹಾಲಿನ ತಂಬಿಗೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದ ಅತ್ತೆ ಅದನ್ನು ಕೇಳಿದರು, ಬೈಯಲಿಲ್ಲ.

ಕಾರಕೂನರು ತಾವೇ ಬಗ್ಗಿ ರುಮಾಲು ಎತ್ತಿ, ಅದನ್ನು ಹೇಗೆ ಮಡಚುವುದೆಂದು ತಿಳಿಯದೆ ಸುತ್ತಿ ಸುತ್ತಿ ಒಂದು ಉಂಡೆ ಮಾಡಿ ದಿಂಬಿನ ಪಕ್ಕ ಇಟ್ಟರು. ಆಮೇಲೆ ಮಗ್ಗದ ದಂಡೆಯ ಮೇಲೆ ಕುಳಿತು ಬರೆಯತೊಡಗಿದರು. ಕೆಮ್ಮು ಇಳಿದು ನನ್ನವರು ಕಣ್ಣು ತೆರೆದ ಮೇಲೆಯೇ ಗೆಳೆಯ ಉಸಿರು ಬಿಟ್ಟದ್ದು.

"ಸಾಹೇಬ್ರ," ಎಂದ ಅವನು ಮೆಲ್ಲಗೆ, "ಹಂಗ ನನಗೂ ಒಂದು ಹಾಸಿಗಿ ಬರದ್ಬಿಡ್ರಿ. ಹಸಿವಿ ಜಡ್ಡಿಗೆ."

"ನೀ ಮೊದಲ ಕುಣಿಯೊಳಗ ಇಳಿಯಪ್ಪಾ," ಎಂದರು ಕಾರಕೂನರು ತಲೆ ಎತ್ತದೆ. "ಅಧ್ಯಕ್ಷರು ತಿರುಗಿ ಬರೋದ್ರಾಗ ಹಾಸು ಮುಗದಿರಬೇಕು." ಹಾಗೆಂದು ಟೋಪಿಯಿಂದ ಬಾಯಿ ಮುಚ್ಚಿಕೊಂಡರು. ಅವರ ಭುಜ ಕುಲುಕುತ್ತಿದ್ದುದನ್ನು ನಾನು ಕಂಡೆ.

ಹಾಸಿಗೆ ಸಿಕ್ಕಿತು. ಹೊಳೆ ದಾಟಿ, ಕುಡಚಿಯಲ್ಲಿ ರೈಲು ಹತ್ತಿ ಹೋದೆವು. ಅತ್ತೆ ಹೊರಡುವಾಗ ಮತ್ತೆ ಅದೇ ರುಮಾಲು ಸುತ್ತಿ ಕಳಿಸಿದ್ದರು. ಡಬ್ಬಿಯಲ್ಲಿ ಜನ ಸರಿದು ಅವರಿಗೆ ಜಾಗ ಕೊಟ್ಟರು, ಒಬ್ಬರು ರಾವಸಾಹೇಬರೇ ಎಂದೂ ಕರೆದರು. ನಾನು ಕಿಟಕಿಯ ಕಡೆ ಮುಖ ತಿರುಗಿಸಿ ತುಟಿ ಕಚ್ಚಿದೆ. ನಾನು ನಕ್ಕರೆ ಅವರೂ ನಗುತ್ತಾರೆ, ನಕ್ಕರೆ ಮತ್ತೆ ಕೆಮ್ಮು ಬರುತ್ತದೆ ಎಂಬ ಭಯ.

ಆಸ್ಪತ್ರೆಯ ಬಾಗಿಲ ಹತ್ತಿರ ಅವರು ನಿಂತರು. ಒಳಗೆ ಬಿಳಿ ಬಟ್ಟೆಯ ಹಾಸಿಗೆಗಳ ಸಾಲು ಕಾಣುತ್ತಿತ್ತು. ಅವರು ರುಮಾಲು ತೆಗೆದು ನನ್ನ ಕೈಗೆ ಕೊಟ್ಟರು. ಎರಡೂ ಕೈಯಿಂದ ತಲೆಗೂದಲು ಕೆದರಿಕೊಂಡರು, ಕೆನ್ನೆ ಒಳಗೆ ಎಳೆದುಕೊಂಡರು, ಬೆನ್ನು ಬಗ್ಗಿಸಿದರು.

"ಹೆಂಗ? ಈಗರ ಜಡ್ಡಾದವ್ರಂಗ ಕಾಣಸ್ತೇನಿಲ್ಲ?"

"ಕಾಣಸ್ತೀರಿ," ಎಂದೆ. "ಒಳಗ ನಡೀರಿ ಅಧ್ಯಕ್ಷರ."