ಸಾಬೂನಿನದೋ, ಕಿಡ್ನಿಯದೋ

ಎರಡನೇ ಅಲೆಯ ಮೇ ತಿಂಗಳು, ಸೋಮವಾರ, ಬೆಳಿಗ್ಗೆ ಐದೂವರೆ. ಜಹೀರಾಬಾದಿನ ಮನೆಯಲ್ಲಿ ಇದ್ದವರು ಇಬ್ಬರೇ. ಕೊರೋನಾ ಹಿಡಿದು ಹತ್ತು ದಿನವಾಗಿದ್ದ ನನ್ನ ಹೆಂಡತಿ ಒಳಕೋಣೆಯಲ್ಲಿ, ನಾನು ಪಡಸಾಲೆಯಲ್ಲಿ. ಮಗ-ಸೊಸೆಯನ್ನು ಮೊದಲ ದಿನವೇ ತಾಂಡೂರಿಗೆ, ಸೊಸೆಯ ತವರಿಗೆ ಕಳಿಸಿದ್ದೆ.

ಜ್ವರ ಇಳಿದಿತ್ತು, ಆಕ್ಸಿಜನ್ ಸರಿಯಿತ್ತು. ಆದರೆ ಹಿಂದಿನ ಸಂಜೆ ಅವಳ ಪಾದ ಬಾತಿರುವುದನ್ನು ಡಾಕ್ಟರಮ್ಮನಿಗೆ ಫೋನಿನಲ್ಲಿ ಹೇಳಿದಾಗ, ಬೆಳಗಿನ ಮೊದಲ ಮೂತ್ರ ಪರೀಕ್ಷೆಗೆ ಕೊಡಲು ಹೇಳಿದ್ದರು.

“ರೋಗ ಇರೋದು ಎದ್ಯಾಗ, ಮೂತ್ರ ಯಾಕ್ರಿ?” ಎಂದಿದ್ದೆ.

“ಇದು ಕಿಡ್ನಿಗೂ ಪೆಟ್ಟು ಕೊಡ್ತದ ಸರ್. ಪೆಟ್ಟು ಬಿದ್ರ ಮೂತ್ರದಾಗ ಪ್ರೋಟೀನ್ ಸೋರ್ತದ. ನೊರಿ ಬರ್ತದೇನು?”

ಬರುತ್ತಿತ್ತು. ಆದರೆ ಪ್ರತಿ ಸಲವೂ ಪಾಯಿಖಾನೆಗೆ ಸಾಬೂನು ಪುಡಿ ಹಾಕಬೇಕೆಂಬ ನಿಯಮ ಮಾಡಿದವನು ನಾನೇ. ಯಾವ ನೊರೆ ಯಾವುದರದು ಎಂದು ಹೇಗೆ ಹೇಳಲಿ?

ಲ್ಯಾಬಿನವರು ಕೊಟ್ಟಿದ್ದ ಡಬ್ಬಿಯನ್ನು ಸಾಬೂನು ಹಚ್ಚಿ ಎರಡು ಸಲ ತೊಳೆದೆ. ನೆಲ ಒರೆಸುವ ಔಷಧದ ನೀರನ್ನೂ ಆಡಿಸಿ ಅವಳ ಬಾಗಿಲಲ್ಲಿಟ್ಟೆ. ಹೊರಗಿನಿಂದ ಬಂದ ಯಾವುದನ್ನೂ ತೊಳೆಯದೆ ಒಳಗೆ ಬಿಡುತ್ತಿರಲಿಲ್ಲ. ಲಿಂಗಪೂಜೆ ಮುಗಿಸಿ, ತುಂಬಿದ ಡಬ್ಬಿ ಹಿಡಿದು ಏಳಕ್ಕೆ ಲ್ಯಾಬಿಗೆ ಹೋದೆ.

ಪ್ರೋಟೀನ್ ಇದ್ದರೆ ಹಸಿರಾಗುವ ಹಳದಿ ಪಟ್ಟಿಯನ್ನು ಲ್ಯಾಬಿನವನು ಅದ್ದಿದ. ಅದು ಕಡುಹಸಿರಾಯಿತು. ಅವನು ಡಬ್ಬಿಯನ್ನು ಮೂಗಿನ ಹತ್ತಿರ ತಂದ.

“ಡಬ್ಬಿ ತೊಳದೀರೇನ್ರಿ ಸರ್?”

“ಎರಡು ಸಲ.”

“ಅದು ಮೊದ್ಲೇ ಸಾಫ್ ಇರ್ತದ್ರಿ. ನೀವು ತೊಳದು ಕೆಡಿಸೀರಿ. ಈ ಹಸರು ಅಮ್ಮೋರ ಕಿಡ್ನಿದೋ, ನಿಮ್ಮ ಸಾಬೂನಿಂದೋ, ನಾ ಹ್ಯಾಂಗ ಹೇಳ್ಲಿ?”

ಹೊಸ ಡಬ್ಬಿ ಕೊಟ್ಟ. ಮನೆಗೆ ಬಂದು ಹೇಳಿದಾಗ ಒಳಗಿನಿಂದ ಅವಳ ದನಿ ಕೇಳಿಸಿತು.

“ನನ್ನೂ ಒಂದ್ ಸಲ ತಿಕ್ಕಿ ತೊಳದು ಕಳಿಸಿಬಿಡ್ರಿ, ಪೀಡಾ ಹೋಗ್ತದ.” ಆಮೇಲೆ, “ಕಿಡ್ನಿ ಹೋಗ್ಯಾವೇನ್ರಿ?” ಎಂದಳು.

“ಗೊತ್ತಿಲ್ಲ,” ಎಂದೆ. ಆ ದಿನ ನಾನು ಖಚಿತವಾಗಿ ಹೇಳಿದ್ದು ಅದೊಂದೇ.

ಹನ್ನೊಂದಕ್ಕೆ, ಈ ಸಲ ತೊಳೆಯದೆ ತುಂಬಿಸಿದ ಎರಡನೇ ಡಬ್ಬಿ ಕೊಟ್ಟೆ. ಪಟ್ಟಿ ಮತ್ತೆ ಹಸಿರಾಯಿತು, ಮೊದಲಿನಷ್ಟು ಗಾಢವಲ್ಲ. ಹಾಗಾದರೆ ಬೆಳಗಿನದರಲ್ಲಿ ಸಾಬೂನಿನ ಪಾಲೆಷ್ಟು, ಅವಳ ಪಾಲೆಷ್ಟು? ಅಥವಾ ಮಧ್ಯೆ ಅವಳು ಕುಡಿದ ನೀರಿಗೆ ಮೂತ್ರ ತಿಳಿಯಾಯಿತೋ? ದಾರಿಯುದ್ದಕ್ಕೂ ಯೋಚಿಸಿದೆ. ಲೆಕ್ಕ ಹತ್ತಲಿಲ್ಲ.

ನಾಲ್ಕಕ್ಕೆ ಡಾಕ್ಟರಮ್ಮ ಫೋನು ಮಾಡಿದರು. “ಪ್ರೋಟೀನ್ ಹೋಗ್ಲಿಕತ್ತದ, ಅದು ಖರೆ. ಕೆಲವರಿಗೆ ಜ್ವರದ ಜೋಡಿ ಬಂದು ಹೋಗ್ತದ, ಕೆಲವರಿಗೆ ಉಳೀತದ. ಒಂದು ಪಟ್ಟಿ ನೋಡಿ ಹೇಳಾಕ ಆಗಲ್ಲ ಸರ್. ನಾಳೆ ರಕ್ತ ಕೊಡಸ್ರಿ. ಮೈನೋವಿನ ಗುಳಿಗಿ ಬಂದ್ ಮಾಡ್ರಿ. ಉಪ್ಪು ಕಮ್ಮಿ.”

ಅವಳ ಕೋಣೆಯ ಕಿಟಕಿಯಿಂದ ಆ ಗುಳಿಗೆಗಳನ್ನು ವಾಪಸು ತೆಗೆದುಕೊಂಡೆ. ಏಳಕ್ಕೆ ಉಪ್ಪು ಹಾಕದ ಜೋಳದ ಗಂಜಿ ಮಾಡಿ ಬಾಗಿಲಲ್ಲಿಟ್ಟೆ.

“ಉಪ್ಪೇ ಇಲ್ಲಲ್ರಿ,” ಎಂದಳು.

ಹತ್ತು ದಿನದಿಂದ ಅವಳಿಗೆ ಯಾವ ರುಚಿಯೂ ತಿಳಿದಿರಲಿಲ್ಲ. ರೋಗ ಬಿಡುತ್ತಿದೆಯೇ, ಇಲ್ಲ ನಾಲಿಗೆ ಬಿಟ್ಟು ಕಿಡ್ನಿಗೆ ಇಳಿದಿದೆಯೇ? ಸಂತೋಷಪಡಬೇಕೋ ಹೆದರಬೇಕೋ ತಿಳಿಯದೆ ಬಾಗಿಲ ಹೊರಗೆ ನಿಂತಿದ್ದೆ. ಅವಳು ಗೊಣಗುತ್ತಲೇ ಗಂಜಿ ಮುಗಿಸಿದಳು. ಬಟ್ಟಲನ್ನು ತೊಳೆದು ಮಗುಚಿಟ್ಟೆ.