ತೊಗಟೆ ಕೆರೆದು ನೋಡುವಾಕೆ

ಮಾಗಳದ ಹೊಳೆದಂಡೆಯಲ್ಲಿ ನಮ್ಮ ಗಿಡಗಳನ್ನು ಕಾಯುತ್ತಿದ್ದಾಕೆ ಕುರಿ ಸಾಕುವ ಮನೆಯವಳು. ಯಾವ ಗಿಡದ ಬಳಿ ಹೋದರೂ ಹೆಬ್ಬೆರಳ ಉಗುರಿನಿಂದ ತೊಗಟೆಯನ್ನು ತುಸು ಕೆರೆದು, "ಹಸರ ಐತಿ, ಜೀವ ಐತಿ" ಅನ್ನುವಳು.

ನಾನು ಹಡಗಲಿಯ ಮಲ್ಲಿಗೆಯನ್ನು ವಿಮಾನದಲ್ಲಿ ಹೊರದೇಶಕ್ಕೆ ಕಳಿಸುತ್ತಿದ್ದೆ. ವಿಮಾನ ಉಗುಳುವ ಇಂಗಾಲಕ್ಕೆ ಬದಲಾಗಿ ಗಿಡ ಬೆಳೆಸಿ ತೋರಿಸಿದರೆ ಮಾತ್ರ ಹೂ ಕೊಳ್ಳುತ್ತೇವೆಂದು ಅಲ್ಲಿಯವರು ಷರತ್ತು ಹಾಕಿದ್ದರು. ಅದಕ್ಕೆಂದೇ ಹಚ್ಚಿದ ಬೇವು, ಹೊಂಗೆ ಅವು.

ಶಿವರಾತ್ರಿ ಕಳೆದ ಮೇಲೆ, ಕೊಳ್ಳುವವರ ಪರವಾಗಿ ಗಿಡಗಳ ಲೆಕ್ಕ ನೋಡಲು ತಪಾಸಣೆಯ ಅಧಿಕಾರಿ ಬಂದರು. ಎಲೆ ಉದುರಿ ಗಿಡಗಳೆಲ್ಲ ಬೋಳಾಗಿ ನಿಂತಿದ್ದವು. "ಎಲ್ಲಾ ಒಣಗಿ ಹೋಗ್ಯಾವಲ್ರೀ!" ಎಂದು ಅವರು ಪೆನ್ನು ಮುಚ್ಚಿದರು. ಮಲ್ಲಿಗೆ ಬಿಡಿಸಿ ಬದುಕುವ ಮನೆಗಳೆಲ್ಲ ನನ್ನ ಕಣ್ಮುಂದೆ ಬಂದವು.

"ನಿಂದ್ರಿ ಸಾಹೇಬ್ರ," ಎಂದು ಆಕೆ ಒಂದೊಂದೇ ಗಿಡದ ತೊಗಟೆ ಕೆರೆಯುತ್ತಾ ಹೊರಟಳು. ಒಳಗೆ ಎಳೆ ಹಸಿರು. ಅಧಿಕಾರಿ ಬಗ್ಗಿ ನೋಡಿ ಬರೆದುಕೊಳ್ಳತೊಡಗಿದರು. ಅಷ್ಟರಲ್ಲಿ ಆಕೆ ಒಂದು ಗಿಡದ ಮುಂದೆ ನಿಂತು, "ಇದು ಸತ್ತೈತ್ರಿ, ಬರಕೊಳ್ರಿ" ಅಂದಳು. ಮುಂದೆ ಇನ್ನೊಂದು, ಮತ್ತೊಂದು.

"ಸುಮ್ನಿರು ಯವ್ವಾ," ಎಂದು ಪಿಸುಗುಟ್ಟಿದೆ.

"ಸತ್ತದ್ದನ್ನ ಜೀವಂತ ಐತಿ ಅಂತ ಹೆಂಗ ಹೇಳಾದ್ರೀ?" ಆಕೆಯ ದನಿ ಹೊಳೆಯಾಚೆಗೂ ಕೇಳಿಸುವಂತಿತ್ತು.

ಕೊನೆಗೆ ಅಧಿಕಾರಿ ಪುಸ್ತಕ ಮಡಚಿದರು. "ಸತ್ತದ್ದನ್ನ ನೀವೇ ತೋರಿಸಿದ್ರಿ, ಉಳಿದದ್ದನ್ನೂ ನಂಬ್ತೀನಿ. ಮಳಿ ಬಿದ್ದ ಮ್ಯಾಲೆ ಆ ಜಾಗಕ್ಕ ಬ್ಯಾರೆ ಹಚ್ಚ್ರಿ. ಹೂ ಕಳಸ್ರಿ."

ನಾನು ಬದುವಿನ ಮೇಲೆ ಕೂತೆ. ಆಕೆ ಮಾತ್ರ ಅಧಿಕಾರಿಯ ಹಿಂದೆಯೇ ನಡೆದಳು.

"ಹಂಗಾರ ಈ ಸತ್ತವನ್ನ ನಮ್ಮ ಒಲಿಗೆ ಒಯ್ಯಬಹುದೇನ್ರೀ?"

ಅಧಿಕಾರಿ ಹೊಟ್ಟೆ ಹಿಡಿದು ನಕ್ಕರು. ನನಗೂ ನಗು ತಡೆಯಲಾಗಲಿಲ್ಲ.