ನಿಂಗವ್ವನ ಹೊಲದ ವೀರಗಲ್ಲು

ಮೈಮೇಲೆ ಬರುವುದು, ಗಾಳಿ ಸೋಕುವುದು, ಕಲ್ಲಿಗೆ ಜೀವ ಇರುವುದು ಎಂದೆಲ್ಲ ಯಾರಾದರೂ ಮಾತು ತೆಗೆದರೆ ನನಗೆ ಮೈ ಉರಿಯುತ್ತಿತ್ತು. ಹಾನಗಲ್ಲಿನ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇತಿಹಾಸ ಕಲಿಸಿದವನು ನಾನು. ಹುಡುಗರು ಹಾಳುಗುಡಿಯ ದೆವ್ವದ ಸುದ್ದಿ ಎತ್ತಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಈಗ ನಾನು ಹೇಳುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ, ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ. ಆದರೆ ಒಬ್ಬ ಮನುಷ್ಯನ ಬಲಗೈ ಕೆಲಸಕ್ಕೆ ಬಾರದಂತಾಗಿದೆ, ಕಡಿದವನು ನಾನೇ. ಅದಂತೂ ಸುಳ್ಳಲ್ಲ.

ಆ ಕೈ ನಮ್ಮ ಶಾಲೆಯ ಡ್ರಾಯಿಂಗ್ ಮಾಸ್ತರ ಫಕ್ಕೀರಪ್ಪನದು. ನನ್ನ ಇಪ್ಪತ್ತೈದು ವರ್ಷದ ಗೆಳೆಯ. ಕೆಲವು ವರ್ಷಗಳ ಹಿಂದೆ ಕಾಲೇಜೊಂದರವರು ಅವನಿಗೆ ತಮ್ಮ ಸಭಾಗೃಹದ ಉದ್ದನೆಯ ಗೋಡೆ ಕೊಟ್ಟಿದ್ದರು. ಕದಂಬರ ಕಾಲದಿಂದ ಇವತ್ತಿನ ತನಕ ನಮ್ಮ ಸೀಮೆಯ ಜನ ಹೇಗೆ ಬಾಳಿದರು, ಏನು ಕಡೆದರು, ಏನು ಹಾಡಿದರು ಎಂಬುದನ್ನೆಲ್ಲ ಅದರ ಮೇಲೆ ಬರೆಯಬೇಕು. ಜೀವಮಾನವೆಲ್ಲ ಮಕ್ಕಳ ಕೈಯಲ್ಲಿ ಮಾವಿನಹಣ್ಣು, ಹೂಜಿ ಬರೆಸಿದ ಮನುಷ್ಯನಿಗೆ ಮೊದಲ ಸಲ ತನ್ನದೆಂಬ ಕೆಲಸ ಸಿಕ್ಕಿತ್ತು. ಅರ್ಧ ಗೋಡೆ ಮುಗಿದಿತ್ತು. ಉಣ್ಣುವಾಗಲೂ ಅದೇ ಧ್ಯಾನ.

ಪ್ರತಿಯೊಂದು ಕಾಲವೂ ಸತ್ತವರನ್ನು ಹೇಗೆ ನೆನೆಯಿತು ಎನ್ನುವುದರ ಮೇಲೆ ಅವನ ಕಣ್ಣು. "ರಾಜರ ಕಾಲಕ್ಕ ಕಲ್ಲು ನೆಟ್ಟರು. ಸವಣೂರ ನವಾಬರ ಕಾಲಕ್ಕ ಲಾವಣಿ ಕಟ್ಟಿದರು. ಬ್ರಿಟಿಷರು ಬಂದು ಕೋರ್ಟಿನ ಕಾಗದ ಮಾಡಿದರು. ಈಗ ಸರ್ಕಲ್ಲಿನಾಗ ಫ್ಲೆಕ್ಸ್ ಕಟ್ಟತೇವಿ, ಮೂರು ದಿನಕ್ಕ ಅದನ್ನ ಕಿತ್ತು ಮೇವಿನ ಬಣವಿಗೆ ಹೊಚ್ಚತೇವಿ!" ಎಂದು ನಗುತ್ತಿದ್ದ. ನಾನು ತರಗತಿಯ ಧಾಟಿಯಲ್ಲಿ ತುರುಗೋಳಿನಲ್ಲಿ ಊರ ದನ ಬಿಡಿಸಲು ಹೋಗಿ ಮಡಿದ ವೀರರ ಶೌರ್ಯ, ತ್ಯಾಗ ಎಂದು ಶುರುಮಾಡಿದರೆ ತಡೆಯುತ್ತಿದ್ದ. "ದನಾ ಹೊಡಕೊಂಡು ಹೋಗಾಕ ಬಂದವನೂ ಅಲ್ಲೇ ಸತ್ತಾನಲ್ಲೋ ಮಾರಾಯ. ಅವಗ ಯಾರು ಕಲ್ಲು ನೆಟ್ಟರು?" ಈ ಒಂದು ಮಾತಿಗೆ ನಾವು ವರ್ಷಗಟ್ಟಲೆ ಜಗಳಾಡಿದ್ದೇವೆ.

ಅವನ ಗೋಡೆಗೆಂದೇ ಒಂದು ವೀರಗಲ್ಲಿನ ಪಡಿಯಚ್ಚು ತೆಗೆಯಲು ಚಿಕ್ಕೇರೂರಿನ ಕಡೆಯ ಒಂದು ಹಳ್ಳಿಗೆ ಹೋದೆವು. ಕಲ್ಲು ಇದ್ದದ್ದು ನಿಂಗವ್ವ ಎಂಬ ರೈತ ಹೆಂಗಸಿನ ಗೋವಿನಜೋಳದ ಹೊಲದಲ್ಲಿ. ಆಳೆತ್ತರದ ಕಲ್ಲು, ಮೂರು ಪಟ್ಟಿ. ಕೆಳಗೆ ದನ, ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಲಿಂಗ. ಒಂದು ಅಂಚು ಮಾತ್ರ ಬಾಳೆದಿಂಡಿನ ಹಾಗೆ ನುಣುಪಾಗಿ ಸವೆದಿತ್ತು. ಊರವರೆಲ್ಲ ತಲೆತಲಾಂತರದಿಂದ ಕೊಡಲಿ, ಕುಡಗೋಲು ಮಸೆಯುತ್ತಿದ್ದದ್ದು ಅದಕ್ಕೇ.

ನಾನು ಕಲ್ಲು ತೊಳೆದು ಮುಗಿಸುವ ಹೊತ್ತಿಗೆ ನಿಂಗವ್ವ ಬಂದಳು. ಕೈಯಲ್ಲಿ ಕೊಡಲಿ, ಕುಡಗೋಲು, ಕಂಕುಳಲ್ಲಿ ಒಂದು ಬೂದುಗುಂಬಳಕಾಯಿ. ಎರಡನ್ನೂ ಆ ಅಂಚಿಗೆ ಚೆನ್ನಾಗಿ ಮಸೆದಳು. ಆಮೇಲೆ ಕಾಯಿಗೆ ಕುಂಕುಮ ಬಳಿದು ಕಲ್ಲಿನ ಮುಂದೆ ಇಟ್ಟು ಕೊಡಲಿ ಎತ್ತಿದಳು. ನಾನು ಕೂಗಿಕೊಂಡೆ. ಕುಂಕುಮದ ನೀರು ಸಿಡಿದರೆ ನನ್ನ ಕಾಗದ ಹಾಳಾಗುತ್ತದೆ, ಬೆಳಗಿನಿಂದ ಪಟ್ಟ ಶ್ರಮ ಮಣ್ಣುಪಾಲು.

"ಯಜಮಾನರ, ಈ ಕಲ್ಲಿಗೆ ಮಸದದ್ದು ಹಸದಿರತೈತ್ರಿ. ಮೊದಲನೇ ಏಟು ಕುಂಬಳಕಾಯಿಗೆ ಹಾಕಬೇಕು. ನಮ್ಮ ಅತ್ತಿ ಹಾಕತಿದ್ದಳು, ಅವರತ್ತಿ ಹಾಕತಿದ್ದಳು" ಎಂದಳು.

"ನಿಮ್ಮತ್ತಿ ಕಾಲ ಹೋತು ನಿಂಗವ್ವ. ಮೊಬೈಲ್ ಬಂದ ಕಾಲಕ್ಕೂ ಇಂಥಾ ಮಾತಾಡತೀಯಲ್ಲ!" ಎಂದು ರೇಗಿದೆ. ನನ್ನ ಸಿಟ್ಟು ಊರಿಗೆಲ್ಲ ಗೊತ್ತಿದ್ದದ್ದೇ.

ಅವಳ ಮುಖ ಗಂಟಾಯಿತು. ಕೊಡಲಿ, ಕುಡಗೋಲು ಎರಡನ್ನೂ ಕಾಯಿಯ ಪಕ್ಕದಲ್ಲಿ ಇಟ್ಟಳು. "ನಿಮ್ಮ ಕೆಲಸ ಮುಗಸ್ರಿ, ಆಮ್ಯಾಲ ಒಡಿತೇನಿ. ಅಲ್ಲೀತನಕ ಇವನ್ನ ಯಾರೂ ಮುಟ್ಟಬ್ಯಾಡ್ರಿ, ಹೇಳೇನಿ ನೋಡ್ರಿ" ಎಂದು ಬದುವಿನ ಆಚೆ ಹೋಗಿ ಕಳೆ ಕೀಳುತ್ತ ಕುಳಿತಳು. ಬೇವಿನ ಗಿಡದ ಕೆಳಗೆ ಪುಸ್ತಕ ಹಿಡಿದು ಕುಳಿತಿದ್ದ ಫಕ್ಕೀರಪ್ಪ, "ಆ ಹೆಣ್ಮಗಳ ಮನಸು ಯಾಕ ನೋಯಸ್ತಿ?" ಎಂದ. ನಾನು ಕಾಗದ ನೆನೆಸತೊಡಗಿದೆ.

ಪಡಿಯಚ್ಚು ತೆಗೆಯುವುದು ದೊಡ್ಡ ವಿದ್ಯೆಯೇನಲ್ಲ. ಒದ್ದೆ ಕಾಗದವನ್ನು ಕಲ್ಲಿಗೆ ಅಂಟಿಸಿ, ಗಟ್ಟಿ ಬ್ರಷ್ಷಿನಿಂದ ಒಂದೇ ಸಮ ಬಡಿಯಬೇಕು. ಕಾಗದ ಕೆತ್ತನೆಯ ಒಳಗೆ ಇಳಿದ ಮೇಲೆ ಮಸಿ ಒತ್ತಬೇಕು. ಮೇಲಿನಿಂದ ಬಡಿಯುತ್ತ ಕೆಳಗಿನ ಪಟ್ಟಿಗೆ ಬಂದೆ. ಹನ್ನೆರಡು ಹೊಡೆದಿರಬೇಕು, ನೆತ್ತಿ ಸುಡುವ ಬಿಸಿಲು.

ಆಗ ನನಗೆ ಸಿಟ್ಟು ಬಂತು. ಇದೊಂದನ್ನು ಸರಿಯಾಗಿ ಹೇಳಬೇಕು. ಏನೂ ಕಾಣಿಸಲಿಲ್ಲ, ಯಾವ ದನಿಯೂ ಕೇಳಲಿಲ್ಲ, ಕಣ್ಣು ಕತ್ತಲೆ ಬರಲಿಲ್ಲ. ಬರೀ ಸಿಟ್ಟು. ನಮ್ಮ ದನಗಳನ್ನು ಹೊಡೆದುಕೊಂಡು ಹೋಗುತ್ತಿದ್ದಾರೆ ಎಂಬುದು, ನನ್ನ ಹೆಸರು ನನಗೆ ಗೊತ್ತಿರುವಷ್ಟೇ ಖಚಿತವಾಗಿ ಗೊತ್ತಿತ್ತು. ಯಾವ ದನ? ಜನ್ಮದಲ್ಲಿ ಒಂದು ಆಕಳು ಕಟ್ಟಿದವನಲ್ಲ ನಾನು, ನಮ್ಮ ಮನೆಗೆ ಬರುವುದು ಪ್ಯಾಕೆಟ್ ಹಾಲು. ಆದರೂ ಬಿಳಿಹಣೆಯ ಒಂದು ಆಕಳು, ಕಾಲು ಊನವಾದ ಅದರ ಕರು, ಅದಕ್ಕೆ ನಾನೇ ಕಟ್ಟಿದ ಗೆಜ್ಜೆ, ಎಲ್ಲ ನೆನಪಿತ್ತು.

ಕೊಡಲಿ ಕೈಯಲ್ಲಿತ್ತು. ತಿರುಗಿದೆ. ಫಕ್ಕೀರಪ್ಪ ಬೆನ್ನ ಹಿಂದೆಯೇ ನಿಂತಿದ್ದ. ಅವನು ಫಕ್ಕೀರಪ್ಪ ಎಂದು ನನಗೆ ಗೊತ್ತಿತ್ತು, ಗೊತ್ತಿದ್ದೇ ಹೊಡೆದೆ. ಅವನು ಅಡ್ಡ ತಂದ ಬಲಗೈ ಮೊಣಕೈಯ ಕೆಳಗೆ ಹಸಿ ಕಬ್ಬಿನ ಹಾಗೆ ಸೀಳಿತು. ರಕ್ತ ಬಿಳಿಯ ಕಾಗದದ ಮೇಲೆ ಚಿಮ್ಮಿತು. ಅವನು ಕೆಳಗೆ ಬಿದ್ದ. ನಾನು ಅವನ ಎದೆಯ ಮೇಲೆ ಕಾಲಿಟ್ಟು ಕುತ್ತಿಗೆಗೆ ಗುರಿಯಿಟ್ಟು ಮತ್ತೆ ಎತ್ತಿದೆ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ: ನನಗೆ ಹಿತವಾಗಿತ್ತು. ಬಾಯಾರಿದವನಿಗೆ ನೀರು ಸಿಕ್ಕಷ್ಟು ಹಿತ.

ನಿಂಗವ್ವ ಯಾವಾಗ ಓಡಿ ಬಂದಳೋ ತಿಳಿಯದು. ಕುಂಬಳಕಾಯಿಯನ್ನು ಎರಡೂ ಕೈಯಲ್ಲಿ ಹಿಡಿದು ಅವನ ಕುತ್ತಿಗೆಯ ಮೇಲೆ ಅಡ್ಡ ಒಡ್ಡಿದಳು. ಎರಡನೆಯ ಏಟು ಕಾಯಿಗೆ ಬಿತ್ತು. ಅದು ಇಬ್ಭಾಗವಾದ ಕ್ಷಣವೇ ನನ್ನ ಸಿಟ್ಟು ಪೂರ್ತಿ ಇಳಿದುಹೋಯಿತು. ಕೆಳಗೆ ನನ್ನ ಗೆಳೆಯ ಬಿದ್ದಿದ್ದ. "ಅಯ್ಯೋ ಶಿವನೇ" ಎಂದು ಕುಸಿದೆ. ನಿಂಗವ್ವ ನನ್ನನ್ನು ಬೈಯಲಿಲ್ಲ. ತನ್ನ ಸೆರಗು ಹರಿದು ಅವನ ಕೈಗೆ ಬಿಗಿದು, "ಏಳ್ರಿ, ಅಳಾಕ ಆಮ್ಯಾಲ ಟೈಮ್ ಐತಿ, ಟಂಟಂ ಗಾಡಿ ತರಸ್ತೇನಿ" ಎಂದಳು.

ಹಿರೇಕೆರೂರಿಗೆ, ಅಲ್ಲಿಂದ ಹುಬ್ಬಳ್ಳಿಗೆ ಒಯ್ದೆವು. ಜೀವ ಉಳಿಯಿತು, ಆದರೆ ಬಲಗೈ ಬೆರಳುಗಳು ಮತ್ತೆ ಮಡಚಲಿಲ್ಲ. ಕೇಳಿದವರಿಗೆಲ್ಲ ಫಕ್ಕೀರಪ್ಪ, ಜಾಲಿ ಕಡಿಯುವಾಗ ಕೊಡಲಿ ಜಾರಿತು ಎಂದೇ ಹೇಳಿದ. ನಾನು ತಲೆಯ ಫೋಟೋ ತೆಗೆಸಿದೆ, ಸಕ್ಕರೆ, ಬಿ.ಪಿ. ನೋಡಿಸಿದೆ. ಎಲ್ಲ ಸರಿಯಾಗಿದೆ, ಬಿಸಿಲಿಗೆ ಹಾಗಾಗಿರಬಹುದು ಎಂದರು ಡಾಕ್ಟರರು. ಬಿಸಿಲಿಗೆ ತಲೆಸುತ್ತು ಬರಬಹುದು; ಕುಂಟು ಕರುವಿನ ನೆನಪು ಹೇಗೆ ಬರುತ್ತದೆ? ಕಾಲೇಜಿನ ಗೋಡೆ ಅರ್ಧಕ್ಕೇ ನಿಂತಿದೆ. ಮಿಕ್ಕ ಅರ್ಧಕ್ಕೆ ಸುಣ್ಣ ಬಳಿದಿದ್ದಾರೆ.

ಒಂದು ವರ್ಷ ಅವನ ಮುಖ ನೋಡುವ ಧೈರ್ಯವಾಗಲಿಲ್ಲ. ಕೊನೆಗೆ ಒಂದು ಸಂಜೆ ಅವನ ಮನೆಗೆ ಹೋಗಿ ಕಾಲು ಹಿಡಿದು ಅತ್ತೆ. "ನನ್ನನ್ನ ಯಾಕ ಪೊಲೀಸರಿಗೆ ಕೊಡಲಿಲ್ಲೋ?" ಎಂದೆ.

ಅವನು ಎಡಗೈಯಿಂದ ನನ್ನನ್ನು ಎಬ್ಬಿಸಿ ಎದುರಿಗೆ ಕೂರಿಸಿದ. ಆಮೇಲೆ ಹೇಳಿದ: "ಹೆಂಗ ಕೊಡ್ಲಿ? ನಿನಗಿಂತ ಮೊದಲ ಎದ್ದಾವ ನಾನು. ಕುಡಗೋಲು ತಗೊಂಡು ನಿನ್ನ ಬೆನ್ನಿಗೆ ಬಂದಿದ್ದೆ. ನೀ ತಿರುಗದಿದ್ದರ ನಿನ್ನ ರುಂಡಾ ಇರತಿರಲಿಲ್ಲ. ಕೊಯ್ಯಾಕಂತಲೇ ಬಂದಿದ್ದೆ ನಾನು."

ಅವನು ಮುಂದೆ ಬಾಗಿ, ನನ್ನ ಕಣ್ಣಲ್ಲೇ ಕಣ್ಣಿಟ್ಟು ಕೇಳಿದ: "ಖರೇ ಹೇಳು. ಆ ದನಾ ಯಾರವು?"

ಆ ಮಾತನ್ನು ನಗೆಯಲ್ಲಿ ತೇಲಿಸಿಬಿಡಬೇಕೆಂದಿದ್ದೆ. ಆದರೆ ಯೋಚಿಸುವ ಮೊದಲೇ ಬಾಯಿಂದ ಬಂತು: "ನಮ್ಮವು."

"ಅಲ್ಲ, ನಮ್ಮವು" ಎಂದ ಫಕ್ಕೀರಪ್ಪ. ಅವನ ಎಡಗೈ ಮುಷ್ಟಿ ಬಿಗಿದಿತ್ತು, ನನ್ನದೂ ಬಿಗಿದಿತ್ತು. ಅವನ ಹೆಂಡತಿ ಚಹಾ ತಂದಿಟ್ಟು, ಯಾಕೆ ಇಬ್ಬರೂ ಹೀಗೆ ಕುಳಿತಿದ್ದೀರಿ ಎಂದು ಗಾಬರಿಯಾಗಿ ನೋಡಿದಳು. ನಾನು ಚಹಾ ಮುಟ್ಟದೆ ಎದ್ದು ಬಂದೆ. ಮತ್ತೆ ಆ ಮನೆಗೆ ಹೋಗಿಲ್ಲ. ಅವನನ್ನು ನೋಡಬೇಕೆಂದು ದಿನಾ ಜೀವ ಎಳೆಯುತ್ತದೆ, ಆದರೆ ನನ್ನ ಮೇಲೆ ನನಗೇ ಭರವಸೆ ಇಲ್ಲ.